ಮನೆಯಲ್ಲೇ ಪರ್ಫಾರ್ಮೆನ್ಸ್ ಕ್ಯಾಮ್‌ಶಾಫ್ಟ್ ಹಾಕುವ ಮುಂಚೆ ಏನೇನು ತಯಾರಿ ಬೇಕು?

ನೀವು ಕೊಟ್ಟಿರುವ ವಿವರ ಇಷ್ಟು: ಹಳೆಯ ನಾಲ್ಕು ಸಿಲಿಂಡರ್ ಪುಶ್‌ರಾಡ್ ಇಂಜಿನ್, ಕಾರ್ಬುರೇಟರ್, ಸ್ಕ್ರೂ ತಿರುಗಿಸಿ ಸೆಟ್ ಮಾಡುವ ಫ್ಲ್ಯಾಟ್ ಟ್ಯಾಪೆಟ್ (ಕ್ಯಾಮ್ ಮೇಲೆ ಕೂತು ಪುಶ್‌ರಾಡ್ ಎಂಬ ಸರಳನ್ನು ಎತ್ತುವ ತುಂಡು). ಈಗಿರುವ ಕ್ಯಾಮ್, ಅಂದರೆ ವಾಲ್ವ್‌ಗಳನ್ನು ತೆರೆಯುವ ದಂಡ, 9 ಮಿ.ಮೀ. ವಾಲ್ವ್ ಲಿಫ್ಟ್ ಕೊಡುತ್ತದೆ (ವಾಲ್ವ್ ಅಷ್ಟು ತೆರೆಯುತ್ತದೆ), ತಂದಿರುವುದು 10.5 ಮಿ.ಮೀ. ಮತ್ತು 270 ಡಿಗ್ರಿ ಡ್ಯುರೇಷನ್‌ನದ್ದು (ಕ್ರ್ಯಾಂಕ್ ಅಷ್ಟು ಡಿಗ್ರಿ ತಿರುಗುವವರೆಗೆ ವಾಲ್ವ್ ತೆರೆದಿರುತ್ತದೆ). ಹಳೆಯ ಸ್ಪ್ರಿಂಗ್, ಟ್ಯಾಪೆಟ್‌ಗಳೇ ಸಾಕೇ, ಶನಿವಾರ ಭಾನುವಾರದಲ್ಲಿ ಕೆಲಸ ಮುಗಿಯುತ್ತದೆಯೇ ಎಂದು ಕೇಳಿದ್ದೀರಿ.

ಹಳೆಯ ಟ್ಯಾಪೆಟ್ ಖಂಡಿತ ಬೇಡ. ಸ್ಪ್ರಿಂಗ್ ಅಳೆದು ನೋಡದೆ ಹೇಳಲಾಗದು, ಆದರೆ ಬಹುತೇಕ ಬದಲಿಸಬೇಕಾಗುತ್ತದೆ. ಕ್ಯಾಮ್ ಕಳಚಿ ಹಾಕುವ ಕೆಲಸಕ್ಕೆ ಎರಡು ದಿನ ಸಾಕು. ಅದಕ್ಕೂ ಮುಂಚಿನ ಅಳತೆಗೆ ಬೇರೆ ಸಮಯ ಇಟ್ಟುಕೊಳ್ಳಿ. ಮನೆಯಲ್ಲಿ ಹಾಕಿದ ಕ್ಯಾಮ್ ಕೆಡುವುದು ಹೆಚ್ಚಾಗಿ ಬಿಚ್ಚುವಾಗಿನ ತಪ್ಪಿನಿಂದಲ್ಲ. ಅಳೆಯದೆ ಕೂರಿಸಿದ್ದರಿಂದ, ಇಲ್ಲವೇ ಮೊದಲ ಅರ್ಧ ಗಂಟೆ ಇಂಜಿನ್ ಓಡಿಸಿದ ರೀತಿಯಿಂದ.

ಮೊದಲು ಕ್ಯಾಮ್ ಜೊತೆ ಬಂದ ಕಾರ್ಡ್ ಓದಿ. 270 ಡಿಗ್ರಿ ಎಂಬುದು ಯಾವ ಲಿಫ್ಟ್‌ನಲ್ಲಿ ಅಳೆದದ್ದು ಎಂಬುದು ಮುಖ್ಯ. ವಾಲ್ವ್ ಆಗಷ್ಟೇ ಮಿಸುಕಿದಾಗಿನಿಂದ ಎಣಿಸಿದರೆ 270 ಬರುವ ಕ್ಯಾಮ್, ಟ್ಯಾಪೆಟ್ 1.27 ಮಿ.ಮೀ. ಎದ್ದ ಮೇಲೆ ಎಣಿಸಿದರೆ 220ರ ಆಸುಪಾಸು ಬರುತ್ತದೆ. ಎರಡು ಕ್ಯಾಮ್‌ಗಳನ್ನು ಹೋಲಿಸುವಾಗ ಈ ಎರಡನೇ ಅಂಕಿಯನ್ನೇ ನಂಬಿ. ಲಿಫ್ಟ್‌ನಲ್ಲೂ ಇದೇ ಗೊಂದಲ ಇದೆ. ಕ್ಯಾಮ್ ಲೋಬ್‌ನ (ಟ್ಯಾಪೆಟ್ ಎತ್ತುವ ಉಬ್ಬಿನ) ಲಿಫ್ಟ್ 7 ಮಿ.ಮೀ. ಇದ್ದು, ಪುಶ್‌ರಾಡ್‌ನ ಚಲನೆಯನ್ನು ವಾಲ್ವ್‌ಗೆ ದಾಟಿಸುವ ಸನ್ನೆಯಾದ ರಾಕರ್‌ನ ಅನುಪಾತ 1.5 ಆದರೆ ವಾಲ್ವ್‌ನಲ್ಲಿ 10.5 ಸಿಗುತ್ತದೆ. ಕಾರ್ಡ್‌ನಲ್ಲಿ ಬರೆದಿರುವುದು ಇವೆರಡರಲ್ಲಿ ಯಾವುದು ಎಂದು ಖಚಿತ ಮಾಡಿಕೊಳ್ಳಿ.

ಡ್ಯುರೇಷನ್ ಹೆಚ್ಚಾದಂತೆ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಸಿಲಿಂಡರಿಗೆ ಬಂದ ಗಾಳಿಯಲ್ಲಿ ಸ್ವಲ್ಪ ವಾಪಸ್ ಹೋಗುತ್ತದೆ, ಕೆಳಗಿನ ಪಿಕಪ್ ಕುಗ್ಗಿ ಶಕ್ತಿ ಮೇಲಿನ ಆರ್‌ಪಿಎಂಗೆ ಸರಿಯುತ್ತದೆ. ಕಂಪ್ರೆಷನ್ ಅನುಪಾತ ಕಡಿಮೆ ಇರುವ ಇಂಜಿನ್‌ಗೆ ದೊಡ್ಡ ಕ್ಯಾಮ್ ಹಾಕಿದರೆ ಪೇಟೆಯೊಳಗೆ ಓಡಿಸುವಾಗ ಕಾರು ಮೊದಲಿಗಿಂತ ಮಂದವೆನಿಸುವುದು ಇದಕ್ಕೇ. ಐಡಲ್‌ನಲ್ಲಿ ವ್ಯಾಕ್ಯೂಮ್ ಕೂಡ ಇಳಿಯುತ್ತದೆ, ಬ್ರೇಕ್ ಬೂಸ್ಟರ್ ಇರುವ ಕಾರಾದರೆ ಇದನ್ನು ಕಡೆಗಣಿಸಬೇಡಿ. ಕ್ಯಾಮ್ ಹಾಕಿದ ಮೇಲೆ ಇಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ, ಕಾಲು ಹಾಗೇ ಇಟ್ಟುಕೊಂಡು ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರಿಗೆ ವ್ಯಾಕ್ಯೂಮ್ ಸಿಗುತ್ತಿದೆ. ಇಳಿಯದಿದ್ದರೆ ಆ ಕಾರನ್ನು ರಸ್ತೆಗೆ ತರಬೇಡಿ.

ಈಗ ಸ್ಪ್ರಿಂಗ್. ವಾಲ್ವ್ ಮುಚ್ಚಿರುವಾಗ ಸ್ಪ್ರಿಂಗ್ ಕೂತಿರುವ ಎತ್ತರ ಒಂದು, ಸುರುಳಿಗಳೆಲ್ಲ ಒಂದಕ್ಕೊಂದು ತಾಕಿ ಗಟ್ಟಿಯಾಗುವ ಎತ್ತರ ಇನ್ನೊಂದು. ಕೂತ ಎತ್ತರ 40 ಮಿ.ಮೀ., ಸುರುಳಿ ತಾಕುವುದು 29ರಲ್ಲಿ ಎಂದಿಟ್ಟುಕೊಳ್ಳಿ. ನಡುವೆ ಸಿಗುವುದು 11 ಮಿ.ಮೀ. ನಿಮ್ಮ ಹಳೆಯ 9 ಮಿ.ಮೀ. ಲಿಫ್ಟ್‌ಗೆ 2 ಮಿ.ಮೀ. ಉಳಿಯುತ್ತಿತ್ತು, 10.5ಕ್ಕೆ ಉಳಿಯುವುದು ಬರೀ ಅರ್ಧ ಮಿ.ಮೀ. ಕನಿಷ್ಠ 1.5 ಮಿ.ಮೀ. ಉಳಿಯಲೇಬೇಕು. ಇಲ್ಲವಾದರೆ ಪುಶ್‌ರಾಡ್ ಬಾಗುತ್ತದೆ ಅಥವಾ ಲೋಬ್‌ನ ತುದಿ ಸವೆಯುತ್ತದೆ. ನಿಮ್ಮ ಸ್ಪ್ರಿಂಗನ್ನು ಬೆಂಚ್ ವೈಸ್‌ನಲ್ಲಿ ಸುರುಳಿ ತಾಕುವವರೆಗೆ ಒತ್ತಿ ವರ್ನಿಯರ್‌ನಿಂದ ಅಳೆದರೆ ಎರಡನೇ ಅಂಕಿ ಸಿಗುತ್ತದೆ. ವೈಸ್‌ನಿಂದ ಸ್ಪ್ರಿಂಗ್ ಸಿಡಿಯಬಹುದು, ಕನ್ನಡಕ ಹಾಕಿಕೊಳ್ಳಿ. ಹೊಸ ಸ್ಪ್ರಿಂಗ್ ಕೊಳ್ಳುವಾಗ ಕ್ಯಾಮ್ ತಯಾರಕರು ಹೇಳಿದ ಒತ್ತಡದ್ದನ್ನೇ ಕೊಳ್ಳಿ. ಅದಕ್ಕಿಂತ ಬಿಗಿಯಾದದ್ದು ಒಳ್ಳೆಯದು ಎಂದುಕೊಂಡು ಹಾಕಿದರೆ ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್ ಬೇಗ ಸವೆಯುತ್ತದೆ.

ಸ್ಪ್ರಿಂಗನ್ನು ಮೇಲಿನಿಂದ ಹಿಡಿದಿರುವ ರಿಟೇನರ್‌ನ ಕೆಳಭಾಗಕ್ಕೂ ವಾಲ್ವ್ ಸೀಲ್‌ನ ಮೇಲ್ತುದಿಗೂ ನಡುವಿನ ಅಂತರವನ್ನೂ ನೋಡಿ. ಅದು ಲಿಫ್ಟ್‌ಗಿಂತ 1.5 ಮಿ.ಮೀ. ಹೆಚ್ಚಿರಬೇಕು, ಅಂದರೆ ನಿಮಗೆ 12. ಕಡಿಮೆ ಇದ್ದರೆ ರಿಟೇನರ್ ಸೀಲ್ ಜಜ್ಜಿ ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬರುತ್ತದೆ.

ಹೆಡ್ ಬಿಚ್ಚದೆಯೇ ಸ್ಪ್ರಿಂಗ್ ಬದಲಿಸಬಹುದು. ಆ ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿರುವಂತೆ ಪಿಸ್ಟನ್ನನ್ನು ಕಂಪ್ರೆಷನ್‌ನಲ್ಲಿ ಟಿಡಿಸಿಗಿಂತ (ಪಿಸ್ಟನ್ ತಲುಪುವ ಅತಿ ಮೇಲಿನ ಬಿಂದುವಿಗಿಂತ) ಕೊಂಚ ಕೆಳಗೆ ನಿಲ್ಲಿಸಿ. ಪ್ಲಗ್ ತೂತಿನಿಂದ ಶುದ್ಧವಾದ ನೈಲಾನ್ ಹಗ್ಗವನ್ನು ಒಳಗೆ ತುಂಬಿ, ತುದಿ ಹೊರಗಿರಲಿ. ಕ್ರ್ಯಾಂಕನ್ನು ಕೈಯಿಂದ ತಿರುಗಿಸಿದರೆ ಪಿಸ್ಟನ್ ಹಗ್ಗವನ್ನು ಒತ್ತಿ ವಾಲ್ವ್‌ಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಅವು ಒಳಗೆ ಬೀಳುವುದಿಲ್ಲ. ಕಾಟರ್ (ರಿಟೇನರನ್ನು ವಾಲ್ವ್‌ಗೆ ಹಿಡಿದಿಡುವ ಚಿಕ್ಕ ತುಂಡು) ತೆಗೆಯುವಾಗ ಹೆಡ್‌ನಲ್ಲಿರುವ ಆಯಿಲ್ ತೂತುಗಳಿಗೆಲ್ಲ ಬಟ್ಟೆ ತುರುಕಿಡಿ. ಒಂದು ಕಾಟರ್ ಒಳಗೆ ಜಾರಿದರೆ ಅರ್ಧ ದಿನ ಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಪಿಸ್ಟನ್ ಮತ್ತು ವಾಲ್ವ್ ನಡುವಿನ ಅಂತರ. ಲಿಫ್ಟ್ 1.5 ಮಿ.ಮೀ. ಹೆಚ್ಚಿತು, ಹಾಗಾಗಿ ವಾಲ್ವ್ ಅಷ್ಟು ಹತ್ತಿರ ಬಂತು ಎಂದು ಲೆಕ್ಕ ಹಾಕಬೇಡಿ. ಇನ್‌ಟೇಕ್ ವಾಲ್ವ್ ಪೂರ್ತಿ ತೆರೆಯುವುದು ಟಿಡಿಸಿ ದಾಟಿ ಸುಮಾರು 106 ಡಿಗ್ರಿ ಆದಮೇಲೆ. ಆಗ ಪಿಸ್ಟನ್ ಎಷ್ಟೋ ಕೆಳಗಿರುತ್ತದೆ. ಡಿಕ್ಕಿಯಾಗುವ ಅಪಾಯ ಇರುವುದು ಓವರ್‌ಲ್ಯಾಪ್ ಟಿಡಿಸಿಯ ಹತ್ತಿರ: ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತಾ, ಇನ್‌ಟೇಕ್ ತೆರೆಯುತ್ತಾ ಇರುವಾಗ. ಎಕ್ಸಾಸ್ಟ್ ಟಿಡಿಸಿಗಿಂತ 10 ಡಿಗ್ರಿ ಹಿಂದೆ, ಇನ್‌ಟೇಕ್ ಟಿಡಿಸಿ ದಾಟಿ 10 ಡಿಗ್ರಿ ಮುಂದೆ, ಆ ಸುತ್ತಮುತ್ತ ಅತಿ ಸಮೀಪ ಬರುತ್ತವೆ. ಹಾಗಾಗಿ ಲಿಫ್ಟ್‌ಗಿಂತ ಡ್ಯುರೇಷನ್ ಮತ್ತು ಕ್ಯಾಮ್ ಕೂರಿಸಿದ ಕೋನವೇ ಇಲ್ಲಿ ನಿರ್ಣಾಯಕ. ಕ್ಯಾಮನ್ನು ಮುಂದೆ ಸರಿಸಿದರೆ, ಅಂದರೆ ವಾಲ್ವ್‌ಗಳು ಬೇಗ ತೆರೆಯುವಂತೆ ಕೂರಿಸಿದರೆ, ಇನ್‌ಟೇಕ್ ವಾಲ್ವ್ ಪಿಸ್ಟನ್‌ಗೆ ಹತ್ತಿರವಾಗುತ್ತದೆ, ಹಿಂದೆ ಸರಿಸಿದರೆ ಎಕ್ಸಾಸ್ಟ್. ಆದ್ದರಿಂದ ಮೊದಲು ಕ್ಯಾಮ್‌ನ ಡಿಗ್ರಿ ಹೊಂದಿಸಿ, ಆಮೇಲೆ ಈ ಅಂತರ ಅಳೆಯಿರಿ.

ಡಿಗ್ರಿ ಹೊಂದಿಸಲು ಬೇಕಾದದ್ದು ಡಿಗ್ರಿ ಚಕ್ರ, ಗಟ್ಟಿ ತಂತಿಯ ಮುಳ್ಳು, ಪ್ಲಗ್ ತೂತಿಗೆ ಹಾಕುವ ಪಿಸ್ಟನ್ ಸ್ಟಾಪ್, ಮ್ಯಾಗ್ನೆಟಿಕ್ ಸ್ಟ್ಯಾಂಡ್ ಇರುವ ಡಯಲ್ ಗೇಜ್. ಪುಲ್ಲಿಯ ಮೇಲಿನ ಟಿಡಿಸಿ ಗುರುತನ್ನು ನಂಬಬೇಡಿ. ಹಳೆಯ ಪುಲ್ಲಿಯ ರಬ್ಬರ್ ಜಾರಿ ಹೊರಬಳೆ ತಿರುಗಿರಬಹುದು. ಸ್ಟಾಪ್ ಹಾಕಿ ಕ್ರ್ಯಾಂಕನ್ನು ಒಂದು ದಿಕ್ಕಿಗೆ ಪಿಸ್ಟನ್ ತಾಕುವವರೆಗೆ ಮೆಲ್ಲಗೆ ತಿರುಗಿಸಿ ಓದಿ, ಇನ್ನೊಂದು ದಿಕ್ಕಿಗೆ ತಿರುಗಿಸಿ ಓದಿ. ಎರಡರ ನಟ್ಟನಡುವೆ ಇರುವುದೇ ನಿಜವಾದ ಟಿಡಿಸಿ. ಚಕ್ರದ ಸೊನ್ನೆಯನ್ನು ಅಲ್ಲಿಗೆ ತಂದು ಸ್ಟಾಪ್ ತೆಗೆಯಿರಿ.

ಒಂದನೇ ಸಿಲಿಂಡರಿನ ಇನ್‌ಟೇಕ್ ಟ್ಯಾಪೆಟ್ ಮೇಲೆ ಡಯಲ್ ಗೇಜ್ ಇಡಿ. ಗೇಜ್‌ನ ಕಡ್ಡಿ ಟ್ಯಾಪೆಟ್ ಚಲಿಸುವ ದಿಕ್ಕಿನಲ್ಲೇ ಇರಲಿ, ಓರೆಯಾದರೆ ಓದು ಸುಳ್ಳಾಗುತ್ತದೆ. ಗರಿಷ್ಠ ಲಿಫ್ಟ್‌ನಲ್ಲಿ ಸೊನ್ನೆ ಮಾಡಿ. ಆ ತುದಿಗೆ 1.27 ಮಿ.ಮೀ. ಬಾಕಿ ಇರುವಾಗ ಒಮ್ಮೆ, ದಾಟಿ 1.27 ಇಳಿದಾಗ ಒಮ್ಮೆ ಚಕ್ರ ಓದಿ. ಮೊದಲನೆಯದು ಟಿಡಿಸಿಯ ನಂತರ 74, ಎರಡನೆಯದು 142 ಬಂತು ಎನ್ನೋಣ. ಕೂಡಿಸಿದರೆ 216, ಅರ್ಧ ಮಾಡಿದರೆ 108. ಕಾರ್ಡ್‌ನಲ್ಲಿ ಸೆಂಟರ್‌ಲೈನ್ (ಲಿಫ್ಟ್ ಗರಿಷ್ಠವಾಗುವ ಡಿಗ್ರಿ) 106 ಇದ್ದರೆ ನಿಮ್ಮ ಕ್ಯಾಮ್ 2 ಡಿಗ್ರಿ ಹಿಂದೆ ಕೂತಿದೆ. ಸರಿಪಡಿಸಲು ಆಫ್‌ಸೆಟ್ ಕೀ ಅಥವಾ ಹಲವು ಕೀ ತೋಡಿರುವ ಗೇರ್ ಬೇಕು. ಓದುವಾಗ ಕ್ರ್ಯಾಂಕನ್ನು ಇಂಜಿನ್ ಓಡುವ ದಿಕ್ಕಿಗೇ ತಿರುಗಿಸಿ. ಬಿಂದು ದಾಟಿಹೋದರೆ ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಮುಂದೆ ಬನ್ನಿ, ಇಲ್ಲದಿದ್ದರೆ ಚೈನಿನ ಸಡಿಲವೂ ಓದಿನಲ್ಲಿ ಸೇರಿಕೊಳ್ಳುತ್ತದೆ. ಹೊಸ ಕ್ಯಾಮ್ ಜೊತೆಗೆ ಹೊಸ ಚೈನ್, ಗೇರ್ ಹಾಕಿ.

ಇನ್ನು ಅಂತರ ಅಳೆಯುವುದು. ಒಂದನೇ ಸಿಲಿಂಡರಿನ ಎರಡೂ ವಾಲ್ವ್‌ಗಳಿಗೆ ಬೆರಳಲ್ಲಿ ಒತ್ತಬಹುದಾದಷ್ಟು ಮೆದುವಾದ ಸ್ಪ್ರಿಂಗ್ ಹಾಕಿ, ಟ್ಯಾಪೆಟ್ ಗ್ಯಾಪನ್ನು (ರಾಕರ್ ಮತ್ತು ವಾಲ್ವ್ ತುದಿಯ ನಡುವಿನ ಸಂದನ್ನು) ಸೊನ್ನೆಗೆ ತನ್ನಿ. ಡಯಲ್ ಗೇಜನ್ನು ರಿಟೇನರ್ ಮೇಲೆ, ವಾಲ್ವ್‌ಗೆ ಸಮಾನಾಂತರವಾಗಿ ಇಡಿ. ಓವರ್‌ಲ್ಯಾಪ್ ಟಿಡಿಸಿ ದಾಟಿ 5 ಡಿಗ್ರಿಯಲ್ಲಿ ಕ್ರ್ಯಾಂಕ್ ನಿಲ್ಲಿಸಿ, ಗೇಜ್ ಸೊನ್ನೆ ಮಾಡಿ, ಹೆಬ್ಬೆರಳಿನಿಂದ ವಾಲ್ವನ್ನು ಒತ್ತಿ. ಪಿಸ್ಟನ್‌ಗೆ ತಾಕಿದಾಗ ಕೈಗೆ ಟಕ್ ಎಂದು ಗೊತ್ತಾಗುತ್ತದೆ, ಆಗ ಗೇಜ್ ತೋರಿಸುವುದೇ ಅಂತರ. ಇದನ್ನೇ 10 ಮತ್ತು 15 ಡಿಗ್ರಿಯಲ್ಲಿ ಮಾಡಿ. ಎಕ್ಸಾಸ್ಟ್‌ಗೆ ಟಿಡಿಸಿಯ ಹಿಂದಿನ 15, 10, 5ರಲ್ಲಿ. ಸಿಕ್ಕ ಅಂಕಿಗಳಲ್ಲಿ ಅತಿ ಚಿಕ್ಕದೇ ನಿಮ್ಮ ಅಂತರ. ಇನ್‌ಟೇಕ್‌ಗೆ ಕನಿಷ್ಠ 2 ಮಿ.ಮೀ., ಎಕ್ಸಾಸ್ಟ್‌ಗೆ 2.5 ಮಿ.ಮೀ. ಬೇಕು. ಎಕ್ಸಾಸ್ಟ್‌ಗೆ ಹೆಚ್ಚು ಏಕೆಂದರೆ ಅದು ಕಾದು ಉದ್ದವಾಗುತ್ತದೆ, ಜೊತೆಗೆ ಪಿಸ್ಟನ್ ಅದನ್ನು ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತದೆ. ಹೆಚ್ಚಿನ ಆರ್‌ಪಿಎಂನಲ್ಲಿ ಸ್ಪ್ರಿಂಗ್ ಕ್ಷಣಮಾತ್ರ ತಡ ಮಾಡಿದರೂ ಹೊಡೆತ ಬೀಳುತ್ತದೆ. ಕ್ರ್ಯಾಂಕ್ ತಿರುಗಿಸುವಾಗ ಎಲ್ಲಾದರೂ ಅಡ್ಡ ಸಿಕ್ಕಿದಂತಾದರೆ ಉದ್ದ ಹಿಡಿ ಹಾಕಿ ಬಲ ಬಿಡಬೇಡಿ, ನಿಲ್ಲಿಸಿ ಕಾರಣ ಹುಡುಕಿ.

ಅಂತರ ಸಾಲದಿದ್ದರೆ ಪಿಸ್ಟನ್ ತಲೆಯಲ್ಲಿ ವಾಲ್ವ್‌ಗೆ ಗುಳಿ ಕೊರೆಸಬೇಕು, ಇಲ್ಲವೇ ಚಿಕ್ಕ ಕ್ಯಾಮ್ ಆರಿಸಬೇಕು. ದಪ್ಪ ಗ್ಯಾಸ್ಕೆಟ್ ಹಾಕಿ ತಪ್ಪಿಸಿಕೊಳ್ಳಬಹುದು, ಆದರೆ ಕಂಪ್ರೆಷನ್ ಇಳಿಯುತ್ತದೆ. ದೊಡ್ಡ ಕ್ಯಾಮ್‌ಗೆ ಬೇಕಾಗಿರುವುದು ಅದರ ಉಲ್ಟಾ.

ಬಿಚ್ಚುವ ಕೆಲಸ ನಿಮ್ಮ ಇಂಜಿನಿನ ಕೈಪಿಡಿಯಲ್ಲಿ ಇರುತ್ತದೆ, ಅದನ್ನಿಲ್ಲಿ ಮತ್ತೆ ಹೇಳುವುದಿಲ್ಲ. ಒಂದನ್ನು ಮಾತ್ರ ಈಗಲೇ ನೋಡಿಕೊಳ್ಳಿ: ಕೆಲವು ಇಂಜಿನ್‌ಗಳಲ್ಲಿ ಟ್ಯಾಪೆಟ್‌ನ ಬುಡ ಅಣಬೆಯಂತೆ ಅಗಲವಾಗಿದ್ದು ಮೇಲಿನಿಂದ ಬರುವುದೇ ಇಲ್ಲ, ಇಂಜಿನ್ ಇಳಿಸಿ ತಲೆಕೆಳಗು ಮಾಡಬೇಕು. ನಿಮ್ಮದು ಆ ಜಾತಿಯಾದರೆ ವಾರಾಂತ್ಯದ ಲೆಕ್ಕವೇ ಬದಲಾಗುತ್ತದೆ. ಕ್ಯಾಮ್ ಎಳೆಯುವ ಮುಂಚೆ ಡಿಸ್ಟ್ರಿಬ್ಯೂಟರ್ ಮತ್ತು ಕ್ಯಾಮ್‌ನಿಂದ ಓಡುವ ಪೆಟ್ರೋಲ್ ಪಂಪ್ ತೆಗೆದಿರಬೇಕು. ಕ್ಯಾಮ್ ಮುಂದುಗಡೆಯ ಬೋಲ್ಟ್ ತೂತಿಗೆ ಉದ್ದ ಬೋಲ್ಟ್ ಹಾಕಿಕೊಂಡರೆ ಹಿಡಿಕೆಯಾಗುತ್ತದೆ. ನಿಧಾನಕ್ಕೆ ತಿರುಗಿಸುತ್ತಾ ಎಳೆಯಿರಿ, ಲೋಬ್‌ನ ಅಂಚು ಬೇರಿಂಗ್‌ಗೆ ಗೀರು ಹಾಕಬಾರದು.

ಟ್ಯಾಪೆಟ್ ಏಕೆ ಹೊಸದೇ ಬೇಕು ಎಂಬುದನ್ನು ಕಣ್ಣಾರೆ ನೋಡಬಹುದು. ಎರಡು ಹೊಸ ಟ್ಯಾಪೆಟ್‌ಗಳನ್ನು ಬುಡಕ್ಕೆ ಬುಡ ಸೇರಿಸಿ ಬೆಳಕಿಗೆ ಹಿಡಿಯಿರಿ. ನಡುವೆ ತಾಕಿ, ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ಕಾಣುತ್ತದೆ, ಒತ್ತಿದರೆ ತೂಗುತ್ತವೆ. ಬುಡ ಅಷ್ಟು ಉಬ್ಬಿರುವುದರಿಂದ, ಲೋಬ್ ಕೂಡ ಒಂದು ಬದಿಗೆ ಸ್ವಲ್ಪ ಇಳಿಜಾರಾಗಿರುವುದರಿಂದ, ಟ್ಯಾಪೆಟ್ ಏಳುತ್ತಲೇ ಗಿರ್ರನೆ ತಿರುಗುತ್ತದೆ. ಹಾಗೆ ತಿರುಗಿದರಷ್ಟೇ ಸವೆತ ಹಂಚಿಹೋಗುತ್ತದೆ. ಹಳೆಯದನ್ನು ಹಾಗೇ ಹಿಡಿದು ನೋಡಿ: ಬುಡ ಚಪ್ಪಟೆಯಾಗಿರುತ್ತದೆ ಅಥವಾ ಗುಳಿ ಬಿದ್ದಿರುತ್ತದೆ. ಅದು ಹೊಸ ಲೋಬ್ ಮೇಲೆ ತಿರುಗದೆ ನಿಂತಲ್ಲೇ ಉಜ್ಜಿ ಕೆಲವೇ ನಿಮಿಷದಲ್ಲಿ ಅದನ್ನು ತಿಂದುಹಾಕುತ್ತದೆ. ಹೊಸ ಟ್ಯಾಪೆಟ್‌ಗಳು ಎಣ್ಣೆ ಹಚ್ಚಿದಾಗ ತಮ್ಮ ಭಾರಕ್ಕೇ ತೂತಿನಲ್ಲಿ ಇಳಿಯಬೇಕು. ಜೋಡಿಸಿದ ಮೇಲೆ ಪ್ರತಿ ಪುಶ್‌ರಾಡ್ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದು ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ. ಗೆರೆ ಜರುಗದ ಕಡೆ ಬಿಚ್ಚಿ ಕಾರಣ ಕಂಡುಕೊಳ್ಳಿ.

ಹೊಸ ಕ್ಯಾಮನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ. ಲೋಬ್‌ಗಳಿಗೆ, ಟ್ಯಾಪೆಟ್ ಬುಡಕ್ಕೆ, ಡಿಸ್ಟ್ರಿಬ್ಯೂಟರ್ ಗೇರಿನ ಹಲ್ಲಿಗೆ ಮಾಲಿಬ್ಡಿನಂ ಪೇಸ್ಟ್. ಬೇರಿಂಗ್ ಜಾಗಕ್ಕೆ, ಟ್ಯಾಪೆಟ್ ಪಕ್ಕಕ್ಕೆ ಬರೀ ಇಂಜಿನ್ ಆಯಿಲ್. ಆಯಿಲ್‌ನಲ್ಲಿ ಜಿಂಕ್ ಅಂಶ ಚೆನ್ನಾಗಿರಬೇಕು, 1200 ಪಿಪಿಎಂನಷ್ಟು ಇದ್ದರೆ ಒಳ್ಳೆಯದು. ಹೊಸ ಕಾರುಗಳಿಗೆಂದು ಬರುವ ತೆಳು ಆಯಿಲ್‌ಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲು ರಂಜಕವನ್ನು 800 ಪಿಪಿಎಂಗೆ ಮಿತಿಗೊಳಿಸಿರುತ್ತಾರೆ, ಜಿಂಕ್ ಕೂಡ ಅದರ ಜೊತೆಗೇ ಇಳಿಯುತ್ತದೆ. ಬ್ರೇಕ್-ಇನ್ ಆಯಿಲ್ ಎಂದೇ ಸಿಗುವುದನ್ನು ತನ್ನಿ.

ಮೊದಲ ಸ್ಟಾರ್ಟ್‌ಗೆ ಎಲ್ಲ ಸಿದ್ಧವಾಗದೆ ಸೆಲ್ಫ್ ಹೊಡೆಯಬೇಡಿ. ಉದ್ದಕ್ಕೂ ಸೆಲ್ಫ್ ಹೊಡೆದರೆ ಪೇಸ್ಟ್ ಒರೆಸಿಹೋಗುತ್ತದೆ. ಕಾರ್ಬುರೇಟರ್‌ನಲ್ಲಿ ಪೆಟ್ರೋಲ್, ರೇಡಿಯೇಟರ್‌ನಲ್ಲಿ ಕೂಲಂಟ್ ತುಂಬಿರಲಿ, ಇಗ್ನಿಷನ್ ಟೈಮಿಂಗ್ ಕೈಯಲ್ಲೇ ಹೊಂದಿಸಿರಲಿ. ಆಯಿಲ್ ಪಂಪ್ ಡಿಸ್ಟ್ರಿಬ್ಯೂಟರ್ ಕಡೆಯಿಂದ ಓಡುವಂಥದ್ದಾದರೆ ಆ ತೂತಿನಿಂದ ಸರಳು ಇಳಿಸಿ, ಪಂಪ್ ತಿರುಗುವ ದಿಕ್ಕಿಗೇ ಡ್ರಿಲ್‌ನಿಂದ ತಿರುಗಿಸಿ, ರಾಕರ್‌ವರೆಗೆ ಆಯಿಲ್ ಬರುವಂತೆ ಮಾಡಿ. ಡಬಲ್ ಸ್ಪ್ರಿಂಗ್ ಇದ್ದರೆ ಒಳಗಿನದನ್ನು ಈ ಹೊತ್ತಿಗೆ ತೆಗೆದಿಡಿ. ಕಾರು ಬಯಲಲ್ಲಿರಲಿ, ಮುಚ್ಚಿದ ಶೆಡ್‌ನಲ್ಲಿ ಹೊಗೆ ಪ್ರಾಣಕ್ಕೆ ಅಪಾಯ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ, ಸೋರಿಕೆ ನೋಡಲು ಇನ್ನೊಬ್ಬರಿರಲಿ.

ಹೊತ್ತಿಕೊಂಡ ತಕ್ಷಣ 2000 ಆರ್‌ಪಿಎಂಗೆ ಏರಿಸಿ. 20ರಿಂದ 30 ನಿಮಿಷ 2000 ಮತ್ತು 2500ರ ನಡುವೆ ಏರಿಳಿಸುತ್ತಾ ಇರಿ, ಐಡಲ್‌ಗೆ ಬಿಡಲೇಬೇಡಿ. ಲೋಬ್‌ಗಳಿಗೆ ಆಯಿಲ್ ಸಿಗುವುದು ಹೆಚ್ಚಾಗಿ ಕ್ರ್ಯಾಂಕ್ ಎರಚುವುದರಿಂದ, ಐಡಲ್‌ನಲ್ಲಿ ಅದು ತೀರಾ ಕಡಿಮೆ. ಲೋಬ್‌ನ ತುದಿಯ ಮೇಲೆ ಒತ್ತಡವೂ ಕಡಿಮೆ ವೇಗದಲ್ಲೇ ಅತಿ ಹೆಚ್ಚು. ಸೋರಿಕೆಯೋ ಬಿಸಿಯೋ ಕಂಡರೆ ಇಂಜಿನ್ ಆಫ್ ಮಾಡಿ, ಸರಿಪಡಿಸಿ, ಉಳಿದ ನಿಮಿಷಗಳನ್ನು ಮತ್ತೆ ಪೂರೈಸಿ.

ಮುಗಿದ ಮೇಲೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ. ಹಳೆಯ ಫಿಲ್ಟರನ್ನು ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಿ. ಪೇಸ್ಟಿನ ಬೂದು ಬಣ್ಣದ ಮಸಿ ಇದ್ದೇ ಇರುತ್ತದೆ. ಹೊಳೆಯುವ ಚೂರುಗಳು ಆಯಸ್ಕಾಂತಕ್ಕೆ ಅಂಟಿಕೊಂಡರೆ ಯಾವುದೋ ಲೋಬ್ ಸವೆಯುತ್ತಿದೆ. ಟ್ಯಾಪೆಟ್ ಗ್ಯಾಪನ್ನು ಕಾರ್ಡ್‌ನಲ್ಲಿ ಹೇಳಿದಂತೆ, ಬಿಸಿಯಲ್ಲೋ ತಣ್ಣಗಿರುವಾಗಲೋ, ಮತ್ತೆ ಸೆಟ್ ಮಾಡಿ ಬರೆದಿಟ್ಟುಕೊಳ್ಳಿ. ಕೆಲವು ದಿನ ಓಡಿಸಿ ಮತ್ತೆ ಅಳೆದಾಗ ಒಂದೇ ವಾಲ್ವ್‌ನ ಗ್ಯಾಪ್ ಉಳಿದವುಗಳಿಗಿಂತ ಹೆಚ್ಚಿದ್ದರೆ ಬರೀ ಸ್ಕ್ರೂ ತಿರುಗಿಸಿ ಸುಮ್ಮನಾಗಬೇಡಿ, ಆ ಲೋಬ್‌ನ ಲಿಫ್ಟನ್ನು ಡಯಲ್ ಗೇಜ್ ಇಟ್ಟು ಅಳೆಯಿರಿ.