ನಾಯಿಗೂ ಫಿಜಿಯೋನಾ? — ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ 7 ವರ್ಷ. ಹಿಂಗಾಲಿನ ಮಂಡಿ ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟಿ ಹಿಡಿಯೋ ಪಟ್ಟಿ) ಹರಿದು ಆಪರೇಷನ್ ಆಗಿ ಮೂರು ವಾರ ಆಯ್ತು, ಹೊಲಿಗೆನೂ ಬಿಚ್ಚಿದಾರೆ. ಈಗ ಡಾಕ್ಟ್ರು ಫಿಜಿಯೋಥೆರಪಿ ಮಾಡಿಸಿ ಅಂತಾರೆ, ಮನೇಲಿ ಎಲ್ರೂ ನಗ್ತಿದಾರೆ. ದಿನಾ ವಾಕಿಂಗ್ ಕರ್ಕೊಂಡ್ ಹೋದ್ರೆ ಸಾಕಾಗಲ್ವಾ?

ಉತ್ತರ: ನಗ್ಲಿ ಬಿಡಿ. ನಾಯಿಗೆ ಮೂರು ಕಾಲಲ್ಲೂ ಆರಾಮಾಗಿ ಓಡೋಕೆ ಬರುತ್ತೆ, ತೊಂದ್ರೆ ಇರೋದೇ ಅಲ್ಲಿ. ನೋವು ಹೋದ್ಮೇಲೂ ಆ ಕಾಲನ್ನ ಅದು ನಂಬಲ್ಲ, ಎತ್ಕೊಂಡೇ ಓಡಾಡುತ್ತೆ, ತೊಡೆ ಸೊರಗ್ತಾ ಹೋಗುತ್ತೆ, ಭಾರ ಎಲ್ಲ ಇನ್ನೊಂದು ಹಿಂಗಾಲಿಗೆ ಬಿದ್ದು ಮುಂದೆ ಅದ್ರ ಲಿಗಮೆಂಟೂ ಹರಿಯೋದನ್ನ ಎಷ್ಟೋ ನಾಯಿಗಳಲ್ಲಿ ನೋಡ್ತೀವಿ. ನಿಮ್ ನಾಯಿ ಉಗುರು ನೋಡಿ ಒಂದ್ಸಲ. ಆಪರೇಷನ್ ಆದ ಕಾಲಿನ ಉಗುರು ಇನ್ನೊಂದಕ್ಕಿಂತ ಉದ್ದ ಬೆಳೆದಿದ್ರೆ ಅದು ನೆಲಕ್ಕೆ ಸರಿಯಾಗಿ ತಾಗ್ತಾ ಇಲ್ಲ ಅಂತ ಅರ್ಥ, ಸವೆಯೋಕೆ ಅವಕಾಶನೇ ಸಿಕ್ಕಿಲ್ಲ.

ವಾಕಿಂಗ್ ಬೇಕು, ಆದ್ರೆ ಡಾಕ್ಟ್ರು ಹೇಳಿದಷ್ಟೇ ಹೊತ್ತು, ಬೆಲ್ಟ್ ಚಿಕ್ಕದಾಗಿ ಹಿಡಿದು, ನಿಮಗೇ ಬೋರ್ ಆಗೋವಷ್ಟು ನಿಧಾನಕ್ಕೆ. ಜೋರಾಗಿ ಹೋದ್ರೆ ಕಾಲು ಎತ್ಕೊಂಡು ಕುಪ್ಪಳಿಸಿಬಿಡುತ್ತೆ, ನಿಧಾನಕ್ಕೆ ಹೋದಾಗ ಪ್ರತಿ ಹೆಜ್ಜೆಗೂ ಊರಲೇಬೇಕಾಗುತ್ತೆ. ಕೂತು ಏಳೋ ಎಕ್ಸರ್‌ಸೈಜ್ ಹೇಳ್ಕೊಟ್ರೆ, ಗೋಡೆ ಪಕ್ಕ ಆ ಕಾಲು ಗೋಡೆ ಕಡೆ ಬರೋ ಹಾಗೆ ಕೂರಿಸಿ, ಇಲ್ದಿದ್ರೆ ಮಂಡಿ ಮಡಚದೆ ಕಾಲನ್ನ ಪಕ್ಕಕ್ಕೆ ಚಾಚ್ಕೊಂಡು ಕೂತ್ಬಿಡುತ್ತೆ, ಕಳ್ಳಾಟ ಅದು.

ಫಿಜಿಯೋ ಸೆಂಟರಲ್ಲಿ ನೀರೊಳಗಿನ ಟ್ರೆಡ್‌ಮಿಲ್ ಇದ್ರೆ ಒಳ್ಳೇದು. ನೀರು ಸೊಂಟದವರೆಗೆ ಇದ್ರೆ ಕಾಲುಗಳ ಮೇಲೆ ಬೀಳೋ ಭಾರ ಮೈತೂಕದ ಸುಮಾರು 38% ಅಷ್ಟೇ, ಅದೇ ಮಂಡಿವರೆಗೆ ಮಾತ್ರ ಇದ್ರೆ 85% ಬೀಳುತ್ತೆ. ಹಾಗಾಗಿ ನೀರು ಎಷ್ಟು ಮಟ್ಟಕ್ಕೆ ಬಿಡ್ತಾರೆ ಅಂತ ನಿಂತು ನೋಡಿ. ಎಕ್ಸ್‌ರೇನೂ ನೋಡ್ದೆ, ನಿಮ್ ಡಾಕ್ಟ್ರ ಹತ್ರ ಒಂದು ಮಾತೂ ಕೇಳ್ದೆ ಮೊದಲ ದಿನವೇ ಶುರು ಹಚ್ಕೊಳ್ಳೋರ ಹತ್ರ ಹೋಗ್ಬೇಡಿ.

ಪ್ರಶ್ನೆ: ಕುದುರೆ ಮುಂಗಾಲಿನ ಟೆಂಡನ್‌ಗೆ (ಮಾಂಸಖಂಡನ ಮೂಳೆಗೆ ಕಟ್ಟಿರೋ ಹಗ್ಗದಂಥ ಭಾಗ) ಪೆಟ್ಟಾಗಿದೆ. ದಿನಾ ಮಸಾಜ್ ಮಾಡಿದ್ರೆ ಬೇಗ ವಾಸಿಯಾಗುತ್ತಾ?

ಉತ್ತರ: ಬೇಗ ಅನ್ನೋ ಪದ ಮರೆತ್ಬಿಡಿ. ಕುದುರೆಗೆ ಮುಂಗಾಲಿನ ಮಂಡಿಯಿಂದ ಕೆಳಗೆ ಮಾಂಸಖಂಡನೇ ಇಲ್ಲ ಅನ್ಬಹುದು, ಬರೀ ಮೂಳೆ, ಟೆಂಡನ್, ಚರ್ಮ, ತಿಕ್ಕಿದ್ರೆ ಏನು ಸಿಗುತ್ತೆ? ದೊಡ್ಡ ಪೆಟ್ಟಾಗಿದ್ರೆ 9ರಿಂದ 12 ತಿಂಗಳು ಹಿಡಿಯುತ್ತೆ. ಶುರುವಲ್ಲಿ ತಂಪು ಹಾಕೋದು, ಬ್ಯಾಂಡೇಜು, ಆಮೇಲೆ ಸಮ ನೆಲದ ಮೇಲೆ ಕೈಯಲ್ಲಿ ಹಿಡಿದು ನಡೆಸೋದು, ಸ್ಕ್ಯಾನ್ ನೋಡ್ಕೊಂಡು ನಿಮಿಷ ಜಾಸ್ತಿ ಮಾಡ್ತಾ ಹೋಗೋದು. ದಿನಾ ಬೆಳಿಗ್ಗೆ ಎರಡೂ ಕಾಲು ಮುಟ್ಟಿ ನೋಡಿ, ಪೆಟ್ಟಾದ ಕಡೆ ಬಿಸಿ ಅನ್ಸಿದ್ರೆ ಅಥವಾ ಊದಿದ್ರೆ ಆವತ್ತು ನಡೆಸ್ಬೇಡಿ, ಡಾಕ್ಟ್ರಿಗೆ ಫೋನ್ ಮಾಡಿ. ಕುಂಟು ನಿಂತ್ತಲ್ಲಾ ಅಂತ ಖುಷಿಯಾಗಿ ಓಡಿಸಿ ಮತ್ತೆ ಹರ್ಕೊಂಡು ಬರೋರೇ ಜಾಸ್ತಿ.

ಪ್ರಶ್ನೆ: 13 ವರ್ಷದ ಬೆಕ್ಕು, ಈಗೀಗ ಕಿಟಕಿ ಮೇಲೆ ಹಾರೋದೇ ಬಿಟ್ಟಿದೆ. ವಯಸ್ಸಾಯ್ತು ಅಂತ ಸುಮ್ನಿರ್ಲಾ?

ಉತ್ತರ: ಸುಮ್ನಿರ್ಬೇಡಿ, ಕೀಲುನೋವು ಇರ್ಬಹುದು, ಮೊದಲು ಡಾಕ್ಟ್ರಿಗೆ ತೋರಿಸಿ. ಕಿಟಕಿ ಕೆಳಗೆ ಒಂದು ಸ್ಟೂಲ್ ಇಡಿ, ದಾರ ಎಳೆದು ದಿನಕ್ಕೆ ಎರಡ್ಮೂರು ಸಲ ಎರಡೆರಡು ನಿಮಿಷ ಆಡಿಸಿ, ಅದಕ್ಕೆ ಅದೇ ಎಕ್ಸರ್‌ಸೈಜು. ನೋವಿಗೆ ಅಂತ ನಿಮ್ ಪ್ಯಾರಸಿಟಮಾಲ್ ಮಾತ್ರ ಕೊಡ್ಬೇಡಿ, ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೀಬಹುದು.