ಕಾರಿನ ಗಾಜಿಗೆ ಬೋರ್‌ವೆಲ್ ನೀರು ಬೇಡ

ಪ್ರಶ್ನೆ: ಚಿಂತಾಮಣಿಯಲ್ಲಿ ಟ್ಯಾಕ್ಸಿ ಓಡಿಸುತ್ತೇನೆ. ಖರ್ಚು ಉಳಿಯಲಿ ಎಂದು ನೀರು ಬೆರೆಸಿ ಬಳಸುವ ಗ್ಲಾಸ್ ಕ್ಲೀನರ್‌ನ 5 ಲೀಟರ್ ಕ್ಯಾನ್ ತಂದೆ. 1 ಪಾಲಿಗೆ 10 ಪಾಲು ನೀರು ಎಂದು ಅದರ ಮೇಲೆ ಬರೆದಿದೆ. ಮನೆಯ ಬೋರ್‌ವೆಲ್ ನೀರು ಬೆರೆಸಿ ಒರೆಸಿದರೆ ಒಣಗಿದ ಮೇಲೆ ಬಿಳಿ ಗೆರೆ ಬೀಳುತ್ತದೆ. ಲಿಕ್ವಿಡ್ ಜಾಸ್ತಿ ಹಾಕಿ ನೋಡಿದೆ, ಗೆರೆಯೂ ಜಾಸ್ತಿಯಾಯಿತು. ರಾತ್ರಿ ಎದುರು ಗಾಡಿಯ ಲೈಟ್ ಬಿದ್ದರೆ ರಸ್ತೆಯೇ ಕಾಣುವುದಿಲ್ಲ. ಏನು ಮಾಡಲಿ?

ಉತ್ತರ: ಮೊದಲು ನೀರು ಬದಲಾಯಿಸಿ. ಆಮೇಲೆ ಲಿಕ್ವಿಡ್ ಕಡಿಮೆ ಮಾಡಿ. ನಿಮ್ಮ ತೊಂದರೆ ಬಹುಮಟ್ಟಿಗೆ ಇಷ್ಟರಲ್ಲೇ ಮುಗಿಯುತ್ತದೆ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್‌ಗಳು ಎಷ್ಟು ಆಳಕ್ಕೆ ಹೋಗಿವೆ ಎಂಬುದು ನಿಮಗೇ ಗೊತ್ತು. ಆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಕರಗಿರುತ್ತವೆ. ನೀರು ಆರಿಹೋದರೂ ಲವಣ ಗಾಜಿನ ಮೇಲೆ ಉಳಿಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಕರಗಿದ ಘನವಸ್ತುವಿನ ಒಪ್ಪಿತ ಮಿತಿ ಲೀಟರ್‌ಗೆ 500 ಮಿಲಿಗ್ರಾಂ. ಬೇರೆ ನೀರಿನ ಮೂಲ ಇಲ್ಲದ ಕಡೆ 2000ದವರೆಗೂ ಬಿಡುತ್ತಾರೆ. ಅಂದರೆ ಕುಡಿಯಲು ಯೋಗ್ಯವಾದ ಒಂದು ಲೀಟರ್ ನೀರು ಆರಿದರೂ ಅರ್ಧ ಗ್ರಾಂ ಪುಡಿ ಉಳಿಯಬಹುದು. ಕುಡಿಯುವವರಿಗೆ ಅದು ಲೆಕ್ಕಕ್ಕಿಲ್ಲ, ಗಾಜಿನ ಮೇಲೆ ಮಾತ್ರ ಎದ್ದು ಕಾಣುತ್ತದೆ.

ಬಟ್ಟೆಯಲ್ಲಿ ಸೋಸಿದರೆ ಈ ಲವಣ ಹೋಗುವುದಿಲ್ಲ. ಕಾಯಿಸಿ ಆರಿಸಿದರೆ ಸ್ವಲ್ಪ ಭಾಗ ಪಾತ್ರೆಯ ತಳಕ್ಕೆ ಅಂಟುತ್ತದೆ, ಉಳಿದದ್ದು ನೀರಲ್ಲೇ ಇರುತ್ತದೆ. ಊರಿನ ಶುದ್ಧ ನೀರಿನ ಘಟಕದ ಆರ್‌ಒ ನೀರು ಎಷ್ಟೋ ವಾಸಿ. ಅದಕ್ಕಿಂತ ಒಳ್ಳೆಯದು ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್. ಕೇಳುವಾಗ ಬ್ಯಾಟರಿ ನೀರು ಎಂದೇ ಕೇಳಿ, ಕ್ಯಾನ್ ನೋಡಿ ತನ್ನಿ. ಪಕ್ಕದಲ್ಲೇ ಇರುವ ಬ್ಯಾಟರಿ ಆಸಿಡ್ ಕೈಗೆ ಬಂದರೆ ಅಪಾಯ. ಒಂದಷ್ಟು ಮಳೆ ಸುರಿದು ಚಾವಣಿ ತೊಳೆದ ಮೇಲೆ ಹಿಡಿದಿಟ್ಟ ಮಳೆನೀರೂ ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ.

ಇನ್ನು ಅಳತೆ. 1ಕ್ಕೆ 10 ಎಂದರೆ ಒಟ್ಟು 11 ಪಾಲು. ಅರ್ಧ ಲೀಟರ್ ಸ್ಪ್ರೇ ಬಾಟಲ್‌ಗೆ 45 ಮಿಲಿ ಲಿಕ್ವಿಡ್, 455 ಮಿಲಿ ನೀರು. ಮುಚ್ಚಳದ ಲೆಕ್ಕ ನಂಬಬೇಡಿ, ಒಂದೊಂದು ಮುಚ್ಚಳ ಒಂದೊಂದು ಅಳತೆ. ಮೆಡಿಕಲ್ ಸ್ಟೋರ್‌ನಲ್ಲಿ ಸೂಜಿ ಇಲ್ಲದ ಸಿರಿಂಜ್ ತಂದು ಈ ಕೆಲಸಕ್ಕೇ ಇಟ್ಟುಕೊಳ್ಳಿ. ಮೊದಲು ನೀರು, ಆಮೇಲೆ ಲಿಕ್ವಿಡ್. ಹಿಂದುಮುಂದಾದರೆ ಬಾಟಲ್ ತುಂಬ ನೊರೆ. ಲಿಕ್ವಿಡ್ ಜಾಸ್ತಿಯಾದಾಗ ಗೆರೆಯೂ ಯಾಕೆ ಹೆಚ್ಚಿತು ಎಂದರೆ, ಕೊಳೆ ಬಿಡಿಸುವ ಸೋಪಿನಂಥ ಅಂಶವೇ ಪೂರ್ತಿ ಒರೆಸಿ ಹೋಗದೆ ಪೊರೆಯಾಗಿ ಉಳಿಯಿತು.

ತಪ್ಪು ನೀರಿನದೋ ಅಳತೆಯದೋ ಎಂದು ನೀವೇ ಪರೀಕ್ಷೆ ಮಾಡಬಹುದು. ಮನೆಯ ಕನ್ನಡಿಯನ್ನು ಮಲಗಿಸಿ ಅದರ ಮೇಲೆ ಬರೀ ನೀರಿನ ಒಂದು ಹನಿ, ಸ್ವಲ್ಪ ದೂರದಲ್ಲಿ ಮಿಶ್ರಣದ ಒಂದು ಹನಿ ಬಿಡಿ. ಮುಟ್ಟದೆ ಒಣಗಲು ಬಿಡಿ. ನೀರಿನ ಹನಿಯೇ ಬಿಳಿ ಉಂಗುರ ಬಿಟ್ಟರೆ ಆ ನೀರು ಬೇಡ. ನೀರಿನ ಹನಿ ಗುರುತಿಲ್ಲದೆ ಆರಿ, ಮಿಶ್ರಣದ ಹನಿ ಮಾತ್ರ ಮಂಕಾಗಿ ದಟ್ಟ ಗುರುತು ಬಿಟ್ಟರೆ ಲಿಕ್ವಿಡ್ ಜಾಸ್ತಿಯಾಗಿದೆ. ಆಗ 1ಕ್ಕೆ 15 ಮಾಡಿ, ಅಂದರೆ ಅರ್ಧ ಲೀಟರ್‌ಗೆ ಸುಮಾರು 31 ಮಿಲಿ. ದಿನವೂ ಒರೆಸುವ ಗಾಡಿಗೆ ಅಷ್ಟು ಸಾಕಾಗಬಹುದು. ಜಿಡ್ಡು ಬಿಡದಿದ್ದರೆ ಮಾತ್ರ ಮತ್ತೆ ಹತ್ತಕ್ಕೆ ಬನ್ನಿ.

ಒರೆಸುವ ಹೊತ್ತೂ ಮುಖ್ಯ. ಬಿಸಿಲಲ್ಲಿ ಕಾದ ಗಾಜಿನ ಮೇಲೆ ಹೊಡೆದರೆ ನೀವು ಒರೆಸುವ ಮೊದಲೇ ಆರಿಹೋಗುತ್ತದೆ. ಬೆಳಿಗ್ಗೆ, ನೆರಳಲ್ಲಿ ಮಾಡಿ. ಜಲ್ಲಿ ಕ್ರಷರ್‌ಗಳ ರಸ್ತೆಯಲ್ಲಿ ಓಡಾಡುವ ಗಾಡಿಯಾದರೆ ಮೊದಲು ನೀರು ಸುರಿದು ಧೂಳು ಇಳಿಸಿ. ಇದಕ್ಕೆ ಬೋರ್‌ವೆಲ್ ನೀರಾದರೂ ಸರಿ, ಒಣಗುವ ಮುಂಚೆ ಒರೆಸಿದರಾಯಿತು. ಕಲ್ಲಿನ ಪುಡಿಯ ಮೇಲೆ ಒಣಬಟ್ಟೆ ಎಳೆದರೆ ಗೀರು ಬೀಳುತ್ತದೆ, ಆ ಗೀರು ಯಾವ ಲಿಕ್ವಿಡ್‌ಗೂ ಹೋಗಲ್ಲ. ಮೈಕ್ರೋಫೈಬರ್ ಬಟ್ಟೆ ಎರಡಿರಲಿ, ಒಂದು ಒರೆಸಲು, ಇನ್ನೊಂದು ಒಣಗಿಸಲು. ಅವನ್ನು ಒಗೆಯುವಾಗ ಬಟ್ಟೆ ಮೆತ್ತಗಾಗಲು ಹಾಕುವ ಕಂಡೀಷನರ್ ಬೇಡ, ಅದರ ಜಿಡ್ಡು ಗಾಜಿಗೆ ಬರುತ್ತದೆ.

ರಾತ್ರಿಯ ಮಂಕಿಗೆ ಒಳಗಿನ ಗಾಜೂ ಕಾರಣ ಅಲ್ವಾ? ಬಿಸಿಲಿಗೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್‌ನಿಂದ ಏಳುವ ಆವಿ, ಪಾಲಿಶ್‌ನ ಜಿಡ್ಡು ಎಲ್ಲ ಅಲ್ಲಿ ಕೂರುತ್ತದೆ. ಒಳಗೆ ಬಟ್ಟೆಗೆ ಸ್ಪ್ರೇ ಮಾಡಿ ಅಡ್ಡಡ್ಡ ಒರೆಸಿ, ಹೊರಗೆ ಮೇಲಿಂದ ಕೆಳಕ್ಕೆ. ಗೆರೆ ಉಳಿದರೆ ಯಾವ ಕಡೆಯದೆಂದು ಅದರ ದಿಕ್ಕೇ ಹೇಳುತ್ತದೆ. ವೈಪರ್ ರಬ್ಬರನ್ನೂ ಒಮ್ಮೆ ಒರೆಸಿ. ಗಾಜಿಗೆ ಫಿಲ್ಮ್ ಇದ್ದರೆ ಅಮೋನಿಯಾ ಇಲ್ಲದ ಲಿಕ್ವಿಡ್ ಮಾತ್ರ ಬಳಸಿ. ಮತ್ತೆ, ಈ ಮಿಶ್ರಣವನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ. ಬಾಯಾರಿದವರು ನೋಡದೆ ಎತ್ತಿ ಕುಡಿದುಬಿಡುತ್ತಾರೆ. ನಿಮ್ಮದು ಪ್ರಯಾಣಿಕರು ಕೂರುವ ಗಾಡಿ, ದಯವಿಟ್ಟು ಇದನ್ನು ಮರೆಯಬೇಡಿ.

ಪ್ರಶ್ನೆ: ನಮ್ಮ ಕಾರು ತೋಟದ ಸ್ಪ್ರಿಂಕ್ಲರ್ ಪಕ್ಕ ನಿಲ್ಲುತ್ತದೆ. ಗಾಜಿನ ಮೇಲಿನ ಬಿಳಿ ಚುಕ್ಕೆಗಳು ಗ್ಲಾಸ್ ಕ್ಲೀನರ್‌ಗೆ ಹೋಗುತ್ತಿಲ್ಲ. — ಮಾಲೂರಿನ ಓದುಗರು

ಉತ್ತರ: ಅದು ಸುಣ್ಣದಂಥ ಲವಣ, ಹುಳಿಗೆ ಕರಗುತ್ತದೆ. ಬಿಳಿ ವಿನೆಗರ್‌ಗೆ ಅಷ್ಟೇ ಆರ್‌ಒ ನೀರು ಬೆರೆಸಿ, ಬಟ್ಟೆ ಅದ್ದಿ, ಐದು ನಿಮಿಷ ಗಾಜಿನ ಮೇಲೆ ಹಾಸಿಡಿ. ಬಣ್ಣದ ಮೇಲೆ ಇಳಿಯದಂತೆ ನೋಡಿಕೊಳ್ಳಿ. ನಂತರ ತೊಳೆದು ಒಣಗಿಸಿ. ಬೇಕಾದರೆ ಇನ್ನೊಮ್ಮೆ ಮಾಡಿ. ವಿನೆಗರ್ ಇರುವ ಕಡೆ ಬ್ಲೀಚ್ ಬೆರೆಯಲೇಬಾರದು, ವಿಷಗಾಳಿ ಬರುತ್ತದೆ. ಟಾಯ್ಲೆಟ್ ಆಸಿಡ್, ಸ್ಟೀಲ್ ಉಜ್ಜುಗ ಎರಡೂ ಬೇಡ. ಆದರೂ ಚುಕ್ಕೆ ಉಳಿದರೆ ಅದು ಗಾಜನ್ನೇ ತಿಂದಿರಬಹುದು. ಆಗ ಗಾಜು ಪಾಲಿಶ್ ಮಾಡುವವರ ಬಳಿ ತೋರಿಸಿ. ಕಾರು ನಿಲ್ಲಿಸುವ ಜಾಗವನ್ನಂತೂ ಇವತ್ತೇ ಬದಲಾಯಿಸಿ.