ಆಫೀಸಿನ ಹಳೆಯ ಫೈಲಿಂಗ್ ಕ್ಯಾಬಿನೆಟ್‌ನಲ್ಲಿ ವರ್ಕ್‌ಶಾಪ್ ಟೂಲ್ಸ್ ಇಡಬಹುದಾ?

ನೀವು ಕೇಳಿದ್ದು ಇಷ್ಟು: ಮಂಗಳೂರಿನಲ್ಲಿ ಒಂದು ಆಫೀಸ್ ಜಾಗ ಖಾಲಿ ಮಾಡುತ್ತಿದೆ, ನಾಲ್ಕು ಡ್ರಾಯರಿನ ಎರಡು ಸ್ಟೀಲ್ ಫೈಲಿಂಗ್ ಕ್ಯಾಬಿನೆಟ್ ಕಡಿಮೆಗೆ ಸಿಗುತ್ತಿವೆ. ಮನೆ ಹಿಂದಿನ ಹಂಚಿನ ಶೆಡ್ಡಿನಲ್ಲಿ ಟೂಲ್ಸ್ ಇಡಲಿಕ್ಕೆ ಅವನ್ನು ತಗೊಳ್ಳಬಹುದಾ, ಅಥವಾ ಸ್ವಲ್ಪ ದುಡ್ಡು ಸೇರಿಸಿ ಚಕ್ರದ ಟೂಲ್ ಟ್ರಾಲಿಯನ್ನೇ ತಗೊಳ್ಳುವುದು ಒಳ್ಳೆಯದಾ?

ಕ್ಯಾಬಿನೆಟ್ ತಗೊಳ್ಳಿ. ಎರಡನ್ನೂ ತಗೊಳ್ಳಿ. ನಾನು ಉಡುಪಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತೇನೆ, ಜೊತೆಗೆ ಮನೆಯ ಮಟ್ಟಿಗೆ ಮರದ ಕೆಲಸವೂ ಉಂಟು. ನನ್ನ ಟೂಲ್ಸ್ ಎಲ್ಲ ಇರುವುದು ಬ್ಯಾಂಕು, ಕಾಲೇಜುಗಳಿಂದ ಹೊರಗೆ ಬಂದ ಕಪಾಟು, ಡ್ರಾಯರುಗಳಲ್ಲೇ. ಆದರೆ ತಂದು ನಿಲ್ಲಿಸಿ ಸುಮ್ನೆ ತುಂಬಿದರೆ ಆಗುವುದಿಲ್ಲ. ಆ ಡ್ರಾಯರ್ ಮಾಡಿರುವುದು ಕಾಗದವನ್ನು ನಿಲ್ಲಿಸಿ ಇಡಲಿಕ್ಕೆ. ನಿಮ್ಮ ಟೂಲ್ಸನ್ನೂ ಅದರಲ್ಲಿ ನಿಲ್ಲಿಸಬೇಕು, ರಾಶಿ ಹಾಕಬಾರದು. ಇದೊಂದು ಸರಿ ಮಾಡಿಕೊಂಡರೆ ಟ್ರಾಲಿಗಿಂತ ಹೆಚ್ಚು ವರ್ಷ ಬರುತ್ತದೆ.

ಹೆಚ್ಚಿನವರು ಮಾಡುವುದೇನು? ಸ್ಪ್ಯಾನರ್, ಇಕ್ಕಳ, ಸುತ್ತಿಗೆ ಎಲ್ಲ ಡ್ರಾಯರಿಗೆ ಸುರಿಯುತ್ತಾರೆ. ಒಂದು ಡ್ರಾಯರ್ ಹತ್ತು ಇಂಚಿಗಿಂತ ಆಳ ಇರುತ್ತದೆ. ಬೇಕಾದ ವಸ್ತು ಯಾವಾಗಲೂ ತಳದಲ್ಲೇ ಸಿಗುವುದು. ಅದಕ್ಕಿಂತ ದೊಡ್ಡ ಸಮಸ್ಯೆ ಭಾರ. ಇಂಥ ಡ್ರಾಯರುಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿ 40 ಕೆ.ಜಿ. ಆಸುಪಾಸು. ಫೈಲು ಕಿಕ್ಕಿರಿದು ತುಂಬಿದರೂ ಆ ಮಿತಿ ದಾಟುವುದು ಕಷ್ಟ. ಆದರೆ ಅಷ್ಟೇ ಜಾಗದ ಉಕ್ಕು ಕಾಗದಕ್ಕಿಂತ ಸುಮಾರು ಹತ್ತು ಪಟ್ಟು ಭಾರ. ಅರ್ಧ ತುಂಬಿದರೂ ಚಾನೆಲ್, ಅಂದರೆ ಡ್ರಾಯರ್ ಜಾರುವ ಹಳಿ, ಬಗ್ಗುತ್ತದೆ, ಆಮೇಲೆ ಡ್ರಾಯರ್ ಅಡ್ಡ ಕೂತು ಎಳೆದರೂ ಬರುವುದಿಲ್ಲ.

ನಾನು ಮಾಡಿಕೊಂಡ ಏರ್ಪಾಡು ಹೇಳುತ್ತೇನೆ. ಡ್ರಾಯರನ್ನು ಪೂರ್ತಿ ಎಳೆದು ಒಳಗೆ ನೋಡಿ. ಎಡಬಲದ ಅಂಚು ಸ್ವಲ್ಪ ಎದ್ದು ನಿಂತಿರುತ್ತದೆ. ನೇತು ಹಾಕುವ ಫೈಲುಗಳ ಕೊಕ್ಕೆ ಕೂರುವುದು ಅದರ ಮೇಲೆ. ಆ ಎರಡು ಅಂಚಿನ ನಡುವೆ ಅಳತೆ ತೆಗೆಯಿರಿ, ಫೂಲ್‌ಸ್ಕ್ಯಾಪ್ (ಎ4ಗಿಂತ ಉದ್ದದ ಕಾಗದ) ಅಳತೆಯ ಕ್ಯಾಬಿನೆಟ್ ಆದರೆ ಸುಮಾರು 15 ಇಂಚು ಬರುತ್ತದೆ. ಅದಕ್ಕಿಂತ ಕಾಲು ಇಂಚು ಕಡಿಮೆ ಅಗಲಕ್ಕೆ 12 ಎಂ.ಎಂ. ಪ್ಲೈವುಡ್ ಕತ್ತರಿಸಿ. ಎತ್ತರ 9 ಇಂಚು ಸಾಕು, ತಳಕ್ಕೆ ತಾಗಬಾರದು. ಪ್ಲೈವುಡ್ಡಿನ ಮೇಲಂಚಿಗೆ ಒಂದು ಇಂಚಿನ ಕಬ್ಬಿಣದ ಪಟ್ಟಿ ಸ್ಕ್ರೂ ಮಾಡಿ. ಪಟ್ಟಿಯ ಎರಡೂ ತುದಿ ಅರ್ಧರ್ಧ ಇಂಚು ಹೊರಗೆ ಬರಲಿ. ತುದಿಯ ಕೆಳಭಾಗದಲ್ಲಿ ಅರದಿಂದ ಚಿಕ್ಕ ಕಚ್ಚು ಹಾಕಿದರೆ ಅದು ಡ್ರಾಯರಿನ ಅಂಚನ್ನು ಹಿಡಿದು ಕೂರುತ್ತದೆ, ಜಾರಿ ಬೀಳುವುದಿಲ್ಲ. ಅಂಚು ಇಲ್ಲದ ಮಾಡೆಲ್ ಆದರೆ ಎರಡು ಬದಿಗೂ ಅಲ್ಯೂಮಿನಿಯಂ ಆ್ಯಂಗಲ್ ಬಿಗಿದುಕೊಳ್ಳಿ.

ಈಗ ನಿಮ್ಮ ಹತ್ತಿರ ಫೈಲಿನ ಬದಲು ಹಲಗೆಗಳಿವೆ. ಪ್ರತಿ ಹಲಗೆಯ ಎರಡೂ ಮುಖಕ್ಕೆ ಸ್ಕ್ರೂ ಹೊಡೆದು ಟೂಲ್ಸ್ ತೂಗುಹಾಕಿ. ರಿಂಗ್ ಸ್ಪ್ಯಾನರ್ ಒಂದರಲ್ಲಿ, ಇಕ್ಕಳ, ಕಟ್ಟರ್ ಇನ್ನೊಂದರಲ್ಲಿ, ಉಳಿಗಳು ಮತ್ತೊಂದರಲ್ಲಿ. ಉಳಿಯ ಬಾಯಿಗೆ ಹಳೆಯ ರಬ್ಬರ್ ಪೈಪಿನ ತುಂಡು ಹಾಕಿ. ಎರಡು ಮುಖದ ಭಾರ ಹೆಚ್ಚುಕಮ್ಮಿ ಸಮ ಇರಲಿ, ಇಲ್ಲದಿದ್ದರೆ ಹಲಗೆ ಓರೆಯಾಗುತ್ತದೆ. ಟೂಲ್ಸ್ ಸೇರಿ ಒಂದು ಹಲಗೆ ಐದು ಕೆ.ಜಿ. ಬಂದರೆ, ಒಂದು ಡ್ರಾಯರಿಗೆ ಆರು ಹಲಗೆ ಹಾಕಿದರೂ 30 ಕೆ.ಜಿ., ಮಿತಿಯೊಳಗೇ ಇದ್ದೀರಿ. ಡ್ರಾಯರ್ ಎಳೆದು ಹಲಗೆಗಳನ್ನು ಹಿಂದೆ ಮುಂದೆ ಸರಿಸಿದರೆ ಪ್ರತಿಯೊಂದು ಟೂಲೂ ಕಣ್ಣಿಗೆ ಬೀಳುತ್ತದೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಬೇರೆ. ಹಲಗೆಯ ಮೇಲ್ಭಾಗದಲ್ಲಿ ಕೈ ಹೋಗುವಷ್ಟು ಒಂದು ತೂತು ಕೊರೆದಿದ್ದೇನೆ. ಪಂಪ್ ಬಿಚ್ಚಲು ಬೇಕಾದ ಎಲ್ಲವೂ ಒಂದೇ ಹಲಗೆಯಲ್ಲಿವೆ. ಕಾರ್ಕಳ ಕಡೆಯ ಅಡಿಕೆ ತೋಟದಿಂದ ಪಂಪ್ ನಿಂತಿದೆ ಅಂತ ಫೋನ್ ಬಂದರೆ ಆ ಹಲಗೆಯನ್ನೇ ಎತ್ತಿ ಚೀಲಕ್ಕೆ ಹಾಕಿ ಹೊರಡುತ್ತೇನೆ. ವಾಪಸ್ ಹೊರಡುವಾಗ ಖಾಲಿ ಸ್ಕ್ರೂ ಕಂಡರೆ ಯಾವ ಸ್ಪ್ಯಾನರ್ ಬಾವಿಕಟ್ಟೆಯಲ್ಲಿ ಉಳಿಯಿತು ಅಂತ ಅಲ್ಲೇ ಗೊತ್ತಾಗುತ್ತದೆ. ಟ್ರಾಲಿ ಇದನ್ನು ಮಾಡಿಕೊಡುವುದಿಲ್ಲ. ಟ್ರಾಲಿ ಒಳ್ಳೆಯದೇ, ಆದರೆ ಅದು ಕಾರ್ ಗ್ಯಾರೇಜಿನ ಸಪಾಟು ನೆಲಕ್ಕೆ.

ಕ್ಯಾಬಿನೆಟ್ ಮುಂದಕ್ಕೆ ಮಗುಚುವ ಅಪಾಯವನ್ನು ದಯವಿಟ್ಟು ಹಗುರವಾಗಿ ತಗೊಳ್ಳಬೇಡಿ, ಅದರಲ್ಲೂ ಮನೆಯಲ್ಲಿ ಮಕ್ಕಳಿದ್ದರೆ. ಹೊಸ ಮಾಡೆಲುಗಳಲ್ಲಿ ಒಂದು ಡ್ರಾಯರ್ ತೆರೆದಾಗ ಉಳಿದವು ತೆರೆಯದ ಹಾಗೆ ತಡೆ ಇರುತ್ತದೆ. ಹಳೆಯದರಲ್ಲಿ ಹೆಚ್ಚಾಗಿ ಇರುವುದಿಲ್ಲ. ಭಾರದ್ದೆಲ್ಲ ಕೆಳಗೆ ಇಡಿ: ಬೇರಿಂಗ್ ಪುಲ್ಲರ್, ವೈಸ್, ದೊಡ್ಡ ಪೈಪ್ ರೆಂಚ್. ಮಲ್ಟಿಮೀಟರ್, ವರ್ನಿಯರ್ ಮೇಲೆ ಇರಲಿ. ಗೋಡೆಗೆ ಬಿಗಿಯುವುದು ಒಳ್ಳೆಯದು, ಆದರೆ ನಮ್ಮ ಕಡೆ ಗೋಡೆ ಅಂದರೆ ಕೆಂಪು ಕಲ್ಲು. ಅದು ಮೆದು, ತೂತು ತೂತು. ಸಿಮೆಂಟ್ ಗೋಡೆಗೆ ಹೊಡೆಯುವ ಚಿಕ್ಕ ಆಂಕರ್ ಬೋಲ್ಟ್ ಅದರಲ್ಲಿ ಹಿಡಿದುಕೊಳ್ಳುವುದಿಲ್ಲ, ಕಲ್ಲೇ ಪುಡಿಯಾಗಿ ಉದುರುತ್ತದೆ. ಗೋಡೆಯ ಆಚೆ ಬದಿಗೆ ಪ್ಲೇಟ್ ಕೊಟ್ಟು ಉದ್ದ ಬೋಲ್ಟ್ ಹಾಯಿಸಿ. ಜೊತೆಗೆ ನಿಮಗೆ ಎರಡು ಸಿಗುತ್ತಿವೆಯಲ್ಲ, ಅವನ್ನು ಪಕ್ಕಪಕ್ಕ ನಿಲ್ಲಿಸಿ ಒಂದಕ್ಕೊಂದು ನಟ್ ಬೋಲ್ಟ್ ಹಾಕಿ. ಎರಡನ್ನೂ ತಗೊಳ್ಳಿ ಅಂದದ್ದು ಅದಕ್ಕೇ.

ಇನ್ನು ಮಳೆಗಾಲ. ವರ್ಷಕ್ಕೆ 3500 ಮಿ.ಮೀ. ಮೇಲೆ ಮಳೆ ಬೀಳುವ ಊರು ನಮ್ಮದು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿಯ ತೇವ ಶೇ. 60 ದಾಟಿದರೆ ಬರಿಯ ಉಕ್ಕಿಗೆ ತುಕ್ಕು ಬೇಗ ಹಿಡಿಯುತ್ತದೆ. ಜುಲೈಯಲ್ಲಿ ನಮ್ಮಲ್ಲಿ ಅದು 90ರ ಹತ್ತಿರ. ಸಮುದ್ರದ ಉಪ್ಪು ಬೇರೆ. ಮುಚ್ಚಿದ ಡ್ರಾಯರ್ ಅಂತ ಧೈರ್ಯ ಬೇಡ, ಅದರ ಸಂದಿಯಲ್ಲಿ ಗಾಳಿ ಆಡುತ್ತಲೇ ಇರುತ್ತದೆ.

ಕ್ಯಾಬಿನೆಟ್ಟನ್ನು ನೆಲಕ್ಕೆ ಇಡಬೇಡಿ. ಗ್ರಾನೈಟ್ ತುಂಡಿನ ಮೇಲೆ ಎರಡು ಇಂಚಾದರೂ ಎತ್ತರಿಸಿ, ನೆಲದ ಪಸೆ ಮೊದಲು ತಿನ್ನುವುದು ತಳವನ್ನೇ. ಗೋಡೆಗೂ ಅಂಟಿಸಬೇಡಿ, ನಡುವೆ ಮರದ ತುಂಡು ಕೊಟ್ಟು ಬೋಲ್ಟ್ ಹಾಕಿದರೆ ಗಾಳಿಗೆ ಜಾಗ ಉಳಿಯುತ್ತದೆ. ಹಂಚಿನ ಮಾಡು ಅಂದಿರಿ, ಹಾಗಾದರೆ ಮೇಲೊಂದು ಶೀಟ್ ಇಳಿಜಾರಾಗಿ ಇಡಿ. ಒಂದು ಹಂಚು ಸರಿದರೂ ನೀರು ನೇರ ಡ್ರಾಯರಿಗೆ. ಡ್ರಾಯರಿನ ತಳಕ್ಕೆ ಪೇಪರ್ ಹಾಸುವ ಅಭ್ಯಾಸ ಎಲ್ಲರಿಗೂ ಉಂಟು, ಮಳೆಗಾಲದಲ್ಲಿ ಅದು ತೇವ ಹೀರಿ ಟೂಲ್ಸಿಗೇ ಅಂಟಿಸುತ್ತದೆ. ಸ್ಪಂಜೂ ಹಾಗೆಯೇ. ನೀರು ಹೀರದ ರಬ್ಬರ್ ಮ್ಯಾಟ್ ಹಾಸಿ.

ಮೇ ಕೊನೆಯಲ್ಲಿ ಪ್ರತಿ ಟೂಲಿಗೂ ಹೊಲಿಗೆ ಮಿಷನ್ ಎಣ್ಣೆಯ ಬಟ್ಟೆ ಒಮ್ಮೆ ಎಳೆಯಿರಿ. ತೆಂಗಿನೆಣ್ಣೆ ಹಚ್ಚುವವರಿದ್ದಾರೆ, ಅದು ಬರಬರುತ್ತ ಕನರು ವಾಸನೆ ಬಂದು, ಧೂಳು ಹಿಡಿದು ಜಿಡ್ಡುಗಟ್ಟುತ್ತದೆ. ಸಿಲಿಕಾ ಜೆಲ್ ಪೊಟ್ಟಣ ದೊಡ್ಡ ಡ್ರಾಯರಿಗೆ ಸಾಲುವುದಿಲ್ಲ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುವ ಅಳತೆ ಸಾಧನಗಳಿಗೆ ಮಾತ್ರ ಒಳ್ಳೆಯದು. ಇನ್ನೊಂದು ಮುಖ್ಯ ವಿಷಯ: ಬಾತ್‌ರೂಮ್ ತೊಳೆಯುವ ಆ್ಯಸಿಡ್ ಬಾಟಲಿ ಅದೇ ಶೆಡ್ಡಿನಲ್ಲಿದ್ದರೆ ಇವತ್ತೇ ಹೊರಗಿಡಿ. ಮುಚ್ಚಳ ಬಿಗಿ ಇದ್ದ ಹಾಗೆ ಕಂಡರೂ ಅದರ ಆವಿ ಸುತ್ತಲಿನ ಎಲ್ಲ ಉಕ್ಕಿಗೂ ತುಕ್ಕು ಹತ್ತಿಸುತ್ತದೆ.

ಬಣ್ಣ ಹೊಡೆಯುವುದಾದರೆ ಮಳೆಗೆ ಮೊದಲೇ. ತುಕ್ಕಿನ ಕಡೆ ವೈರ್ ಬ್ರಷ್ ಉಜ್ಜಿ ರೆಡ್ ಆಕ್ಸೈಡ್ ಪ್ರೈಮರ್, ಅದರ ಮೇಲೆ ಎನಾಮೆಲ್ ಬಣ್ಣ. ಹಳೆಯ ಬಣ್ಣವನ್ನು ಮಾತ್ರ ಒಣಗಿದ್ದಾಗ ಉಜ್ಜಬೇಡಿ. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ ಮಿತಿಯಲ್ಲಿ ಇರಬೇಕು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಹಳೆಯ ಕ್ಯಾಬಿನೆಟ್‌ನ ಬಣ್ಣದಲ್ಲಿ ಸೀಸ ಇರಬಹುದು. ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪು ಕಾಗದ) ಒದ್ದೆ ಮಾಡಿ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ.

ದುಡ್ಡು ಕೊಡುವ ಮೊದಲು ನಾಲ್ಕೂ ಡ್ರಾಯರ್ ಹೊರಗೆ ತೆಗೆಸಿ ತಳದ ತಗಡನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ಬಗ್ಗಿದರೆ ಬೇಡ. ಡ್ರಾಯರ್ ಒಂದು ಮೂಲೆಯಲ್ಲಿ ಮಾತ್ರ ಉಜ್ಜಿದರೆ ಚೌಕಟ್ಟು ತಿರುಚಿದೆ ಅಂತ ಲೆಕ್ಕ, ಅದನ್ನು ಸರಿ ಮಾಡುವುದು ಕಷ್ಟ. ಕೀ ಇಲ್ಲ ಅಂತ ಬಿಡಬೇಡಿ, ಬೀಗ ಬದಲಾಯಿಸಬಹುದು, ಅದೇ ಕಾರಣಕ್ಕೆ ಬೆಲೆಯೂ ಇಳಿಸಬಹುದು. ಚಾನೆಲನ್ನು ಸೀಮೆಎಣ್ಣೆಯಲ್ಲಿ ತೊಳೆದು ತೆಳು ಎಣ್ಣೆ ಬಿಡಿ. ಗ್ರೀಸ್ ಬೇಡ, ಮರದ ಹುಡಿ ಹಿಡಿಯುತ್ತದೆ.

ಸ್ಕ್ರೂ, ವಾಷರ್, ಡ್ರಿಲ್ ಬಿಟ್ ಇವನ್ನೆಲ್ಲ ಈ ಕ್ಯಾಬಿನೆಟ್‌ನಲ್ಲಿ ಇಡಬೇಡಿ. ಅದಕ್ಕೆ ಲೈಬ್ರರಿಯ ಕಾರ್ಡ್ ಡ್ರಾಯರ್ ಹುಡುಕಿ. ಕ್ಯಾಟಲಾಗ್ ಕಂಪ್ಯೂಟರಿಗೆ ಹೋದ ಮೇಲೆ ಕಾಲೇಜುಗಳಿಗೆ ಅವು ಬೇಡವಾದವು. ಮೂರು ಇಂಚು, ಐದು ಇಂಚಿನ ಕಾರ್ಡಿಗೆ ಮಾಡಿದ ಉದ್ದನೆಯ ಪುಟ್ಟ ಡ್ರಾಯರುಗಳು, ಎದುರಿಗೆ ಹೆಸರು ಬರೆಯಲು ಹಿತ್ತಾಳೆಯ ಚೌಕಟ್ಟು. ಕೆಲವು ಸಾಗುವಾನಿಯವು, ಈಗ ಅಂಥದ್ದನ್ನು ಮಾಡಿಸಲಿಕ್ಕೆ ಹೋದರೆ ಮಜೂರಿಯೇ ಕೈ ಸುಡುತ್ತದೆ. ಮರದ್ದಾದರೆ ಗೆದ್ದಲು ನೋಡಿಕೊಳ್ಳಿ.

ಎಲ್ಲಿ ಹುಡುಕುವುದು ಅಂದರೆ, ಗುಜರಿ ಅಂಗಡಿಯವರಿಗೆ ಮೊದಲೇ ಹೇಳಿಡಿ. ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳ ಜೊತೆ ವಿಲೀನವಾದವು. ಮೂರೂ ನಮ್ಮ ಮಂಗಳೂರು, ಉಡುಪಿಯಲ್ಲೇ ಹುಟ್ಟಿದವು, ಬೋರ್ಡು ಬದಲಾದಾಗ ನಮ್ಮ ಕಡೆ ತುಂಬಾ ಜನರಿಗೆ ಬೇಜಾರಾಯಿತು. ಅಕ್ಕಪಕ್ಕದ ಶಾಖೆಗಳು ಒಂದಾದಲ್ಲಿ ಹಳೆಯ ಕಪಾಟುಗಳು ಹೊರಬಿದ್ದವು. ದಪ್ಪ ತಗಡಿನ ಗಟ್ಟಿ ಮಾಲು, ತೂಕಕ್ಕೆ ಕರಗಿಸಲಿಕ್ಕೆ ಹೋಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಿಮ್ಮ ಕ್ಯಾಬಿನೆಟ್‌ನ ತಳ ಮತ್ತು ಡ್ರಾಯರಿನ ಒಳಬದಿಯ ಫೋಟೋ ಹಾಕಿ. ಅಂಚು ಹೇಗಿದೆ ನೋಡಿ ಹಲಗೆಯ ಅಳತೆ ಬರೆದು ಕೊಡುತ್ತೇನೆ.